ಐದು ಹನಿ ಗಾಳಿ, ಒಂದು ತಪ್ಪು ಬಾಟಲಿ

ಬೇಸಿಗೆಯಲ್ಲಿ ಗಾಳಿ ಎದ್ದಿತೆಂದರೆ ಕೆಜಿಎಫ್‌ನ ಸೈನೈಡ್ ದಿಬ್ಬಗಳಿಂದ ಬೂದುಬಿಳುಪಿನ ಹುಡಿಯೂ ಏಳುತ್ತದೆ. 1880ರಿಂದ, ಗಣಿಗೆ ಬೀಗ ಬಿದ್ದ 2001ರ ಫೆಬ್ರವರಿ 28ರವರೆಗೆ, ನೆಲದಾಳದಿಂದ ಎತ್ತಿದ ಕಲ್ಲನ್ನು ಹಿಟ್ಟಿನಂತೆ ಅರೆದು, ಚಿನ್ನ ಸೋಸಿಕೊಂಡು, ಮಿಕ್ಕಿದ್ದನ್ನು ಊರ ಪಕ್ಕದಲ್ಲೇ ಸುರಿದ ರಾಶಿಗಳಿವು. ಒಟ್ಟು ಮೂರು ಕೋಟಿ ಟನ್ನಿಗೂ ಮೇಲೆ. ಗಣಿಗಿಳಿದವರ ಎದೆಗೂಡು ಹೊಕ್ಕು ಸಿಲಿಕೋಸಿಸ್ ತಂದ ಬೆಣಚುಕಲ್ಲಿನ ದೂಳು ಈ ಹುಡಿಯಲ್ಲೂ ಇದೆ. ಖನಿಜಗಳ ಗಡಸುತನ ಅಳೆಯುವ ಹತ್ತು ಮೆಟ್ಟಿಲಿನ ಮೋಸ್ ಮಾಪಕದಲ್ಲಿ ಬೆಣಚಿನ ಸ್ಥಾನ ಏಳು; ಸೈಕಲ್ಲಿಗೆ ಬಳಸುವ ಅಲ್ಯೂಮಿನಿಯಂ ಮೂರರ ಆಸುಪಾಸಿನಲ್ಲಿದೆ. ಹಾಗಾಗಿ ಈ ಹುಡಿ ಸೈಕಲ್ಲಿನ ಯಾವ ಸಂದಿಗೆ ಹೊಕ್ಕರೂ ಉಪ್ಪುಕಾಗದದ ಕೆಲಸ ಮಾಡುತ್ತದೆ. ಬಂಗಾರಪೇಟೆಯ ಕಡೆ ಬಂದರೆ ಬಿಳಿ ಹುಡಿಯ ಜಾಗದಲ್ಲಿ ಕೆಮ್ಮಣ್ಣು. ಬೂದಿಕೋಟೆ, ಕಾಮಸಮುದ್ರದತ್ತ ಹೋಗುವ ಮಣ್ಣುಹಾದಿಗಳಲ್ಲಿ ಒಂದು ಸುತ್ತು ಹೊಡೆದು ಬಂದ ಸೈಕಲ್ಲನ್ನು ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಕಾವಿ ಬಣ್ಣ ಬರುತ್ತದೆ.

ಇಂಥ ಸೀಮೆಯಲ್ಲಿ ಗೇರಿನ ಗುಡ್ಡಗಾಡು ಸೈಕಲ್, ಅಂದರೆ ಎಂಟಿಬಿ, ಕೊಳ್ಳುವವರಿಗೆ ಸಾಮಾನ್ಯವಾಗಿ ಸಿಗುವ ಬುದ್ಧಿಮಾತು ಒಂದೇ: ಡಿಸ್ಕ್ ಬ್ರೇಕ್ ಬೇಕಿದ್ದರೆ ತಂತಿಯದೇ ಇರಲಿ, ಎಣ್ಣೆಯದು ಬೇಡ, ಅದು ಬೆಂಗಳೂರಿನವರಿಗೆ ಸರಿ, ಇಲ್ಲಿ ಕೆಟ್ಟರೆ ಯಾರು ನೋಡುತ್ತಾರೆ? ಮಾತಿನ ಹಿಂದಿನ ಕಾಳಜಿ ನಿಜವಾದದ್ದು, ತೀರ್ಮಾನ ಮಾತ್ರ ತಲೆಕೆಳಗಾದದ್ದು. ದೂಳು ಹೆಚ್ಚಿದಷ್ಟೂ ತಂತಿಯ ಬ್ರೇಕಿಗೆ ಕಷ್ಟ, ಎಲ್ಲ ಕಡೆ ಮುಚ್ಚಿಕೊಂಡಿರುವ ಎಣ್ಣೆ ಬ್ರೇಕಿಗೆ ಅನುಕೂಲ. ಹೈಡ್ರಾಲಿಕ್ ಬ್ರೇಕ್ ಕೆಡುವುದು ಬಹುಮಟ್ಟಿಗೆ ದುರಸ್ತಿಯ ಮೇಜಿನ ಮೇಲೆ. ಒಳಗೆ ಉಳಿದ ಚೂರು ಗಾಳಿಯಿಂದ, ಇಲ್ಲವೇ ತಪ್ಪು ಬಾಟಲಿಯ ಎಣ್ಣೆಯಿಂದ. ಇವೆರಡನ್ನು ತಡೆಯಲು ಕಾರ್ಖಾನೆಯ ಯಂತ್ರ ಬೇಕಿಲ್ಲ. ಒಂದು ಸಿರಿಂಜು, ನಾಲ್ಕಾರು ಅಲೆನ್ ಕೀ, ಶುದ್ಧವಾದ ಕೈ ಮತ್ತು ಒಂದು ಗಂಟೆಯ ತಾಳ್ಮೆ ಸಾಕು. ಜೋಡಣೆಯ ಮತ್ತು ಗಾಳಿ ತೆಗೆಯುವ ಕ್ರಮವನ್ನು, ಪ್ರತಿ ಹೆಜ್ಜೆಯ ಹಿಂದಿನ ಕಾರಣದೊಂದಿಗೆ, ಇಲ್ಲಿ ನೋಡೋಣ. ಕಾರಣ ತಿಳಿದವರು ಹೆಜ್ಜೆ ಮರೆತರೂ ದಾರಿ ತಪ್ಪುವುದಿಲ್ಲ.

ಮೊದಲು ತತ್ತ್ವ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಪ್ಯಾಸ್ಕಲ್‌ನ ನಿಯಮ. ಹ್ಯಾಂಡಲ್ಲಿನ ಲಿವರ್ ಒತ್ತಿದರೆ ಅದರೊಳಗಿನ ಸಣ್ಣ ಪಿಸ್ಟನ್ ಎಣ್ಣೆಯನ್ನು ತಳ್ಳುತ್ತದೆ. ಚಕ್ರದ ಬಳಿಯ ಕ್ಯಾಲಿಪರಿನಲ್ಲಿರುವ ದೊಡ್ಡ ಪಿಸ್ಟನ್‌ಗಳು ಎರಡೂ ಕಡೆಯಿಂದ ಪ್ಯಾಡುಗಳನ್ನು ಡಿಸ್ಕಿಗೆ ಅದುಮುತ್ತವೆ. ಲಿವರಿನ ಪಿಸ್ಟನ್ 10 ಮಿ.ಮೀ. ಅಗಲ, ಕ್ಯಾಲಿಪರಿನದು 20 ಮಿ.ಮೀ. ಎಂದುಕೊಂಡರೆ ವಿಸ್ತೀರ್ಣ ನಾಲ್ಕು ಪಟ್ಟು, ಒತ್ತುವ ಬಲವೂ ನಾಲ್ಕು ಪಟ್ಟು. ಕೆಜಿಎಫ್‌ಗೆ ಈ ವಿದ್ಯೆ ಹೊಸದೇನಲ್ಲ. 1964ರಲ್ಲಿ ಹುಟ್ಟಿದ ಬಿಇಎಂಎಲ್‌ನ ಇಲ್ಲಿನ ಕಾರ್ಖಾನೆಗಳಲ್ಲಿ ಬುಲ್‌ಡೋಜರು, ಎಕ್ಸ್‌ಕವೇಟರುಗಳು ತಯಾರಾಗುತ್ತವೆ. ಅವುಗಳ ಹೈಡ್ರಾಲಿಕ್ ಭಾಗಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಟನ್ನುಗಟ್ಟಲೆ ಮಣ್ಣು ಎತ್ತುವ ತೋಳಿನಲ್ಲಿ ನಡೆಯುವುದೂ ಸೈಕಲ್ಲಿನ ಲಿವರಿನಲ್ಲಿ ನಡೆಯುವುದೂ ಒಂದೇ ಲೆಕ್ಕ. ಬೆಮೆಲ್ ನಗರದಲ್ಲಿ ಹೈಡ್ರಾಲಿಕ್ಸ್ ಬಲ್ಲ ಕೈಗಳು ಎಷ್ಟೋ ಇರುವಾಗ, ಅದೇ ಊರಿನಲ್ಲಿ ಸೈಕಲ್ಲಿನ ಎಣ್ಣೆ ಬ್ರೇಕನ್ನು ಯಾರೂ ಮುಟ್ಟಲಾಗದ ವಸ್ತುವೆಂದು ನೋಡುವುದಕ್ಕೆ ಅರ್ಥವಿಲ್ಲ.

ಇಷ್ಟು ಬಲ ದಾಟಿಸುವ ಎಣ್ಣೆಯ ಗುಟ್ಟು ಅದು ಕುಗ್ಗದಿರುವುದರಲ್ಲಿದೆ. ಗಾಳಿ ಹಾಗಲ್ಲ, ಒತ್ತಿದರೆ ಮುದುಡುತ್ತದೆ. ಮೇಲಿನ 10 ಮಿ.ಮೀ. ಪಿಸ್ಟನ್ ಒಂದು ಸಲಕ್ಕೆ 10 ಮಿ.ಮೀ. ಸರಿದರೆ ತಳ್ಳಲ್ಪಡುವ ಎಣ್ಣೆ ಸುಮಾರು 0.8 ಮಿ.ಲೀ., ಅಂದರೆ ಹದಿನಾರು ಹನಿ. ಒಳಗೆ ಎಲ್ಲೋ ಐದು ಹನಿಯಷ್ಟು ಗಾಳಿ ಅಡಗಿದ್ದರೆ ಲಿವರಿನ ಓಟದಲ್ಲಿ ಮೂರನೇ ಒಂದು ಪಾಲು ಆ ಗಾಳಿಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ಗ್ಯಾರೇಜಿನವರು ‘ಲಿವರ್ ಮೆತ್ತಗಾಗಿದೆ, ಏರ್ ಹಿಡಿದಿದೆ’ ಅನ್ನುವುದು ಇದಕ್ಕೇ. ಬಿಸಿಯ ಲೆಕ್ಕವನ್ನೂ ನೋಡಿ. ಸವಾರ ಮತ್ತು ಸೈಕಲ್ ಸೇರಿ 90 ಕಿಲೋ ಇದ್ದು, ನೂರು ಮೀಟರ್ ಎತ್ತರದಿಂದ ಬ್ರೇಕ್ ಹಿಡಿದುಕೊಂಡೇ ಇಳಿದರೆ ಸುಮಾರು 88 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಒಂದು ದೊಡ್ಡ ಲೋಟ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಬೀಸುವ ಗಾಳಿ ಅದರಲ್ಲಿ ಒಂದು ಪಾಲು ಹೊತ್ತೊಯ್ಯುತ್ತದೆ, ಉಳಿದದ್ದು ಡಿಸ್ಕು, ಪ್ಯಾಡುಗಳ ಮೂಲಕ ಎಣ್ಣೆಯತ್ತ ಸಾಗುತ್ತದೆ. ಎಣ್ಣೆಯಲ್ಲಿ ನೀರು ಸೇರಿದ್ದರೆ ಅದು ಕುದಿದು ಆವಿಯಾಗುತ್ತದೆ. ಆವಿಯೂ ಮುದುಡುವ ವಸ್ತುವೇ. ಇಳಿಜಾರಿನ ನಡುವೆ ಲಿವರ್ ಹ್ಯಾಂಡಲ್ಲಿಗೆ ಬಡಿಯುವುದು ಹೀಗೆ.

ತಂತಿಯ ಡಿಸ್ಕ್ ಬ್ರೇಕೇ ಸಾಕಲ್ಲವೇ ಎಂಬ ಆಕ್ಷೇಪಕ್ಕೆ ನ್ಯಾಯವಾಗಿಯೇ ಉತ್ತರಿಸಬೇಕು. ರಾಬರ್ಟ್‌ಸನ್‌ಪೇಟೆಯಿಂದ ಆಂಡರ್ಸನ್‌ಪೇಟೆಗೆ ಡಾಂಬರು ರಸ್ತೆಯಲ್ಲಿ ಹೋಗಿಬರುವವರಿಗೆ, ಬೆಂಗಳೂರಿನ ರೈಲು ಹಿಡಿಯಲು ಬಂಗಾರಪೇಟೆ ನಿಲ್ದಾಣದವರೆಗೆ ತುಳಿಯುವವರಿಗೆ ಅದು ಧಾರಾಳ ಸಾಕು. ಅವರು ದುಡ್ಡು ಹಾಕಬೇಕಾಗಿಲ್ಲ. ಆದರೆ ಮಣ್ಣುಹಾದಿ, ಬಂಡೆ, ಇಳಿಜಾರು ನಿತ್ಯದ ಮಾತಾದವರಿಗೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ತಂತಿ ತನ್ನ ಕವಚದೊಳಗೆ ಉಜ್ಜಿಕೊಂಡೇ ಓಡಬೇಕು. ಕವಚದ ಬಾಯಿ ತೆರೆದಿರುವುದರಿಂದ ಹುಡಿ ಒಳಗೆ ಹೋಗಿ ಎಣ್ಣೆಜಿಡ್ಡಿನೊಂದಿಗೆ ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ಹೆಚ್ಚಿನ ಅಗ್ಗದ ತಂತಿ ಕ್ಯಾಲಿಪರುಗಳಲ್ಲಿ ಒಂದೇ ಕಡೆಯ ಪ್ಯಾಡ್ ಸರಿಯುತ್ತದೆ. ಪ್ಯಾಡ್ ಸವೆದಷ್ಟೂ ಕೈಯಿಂದ ತಿರುಪಿ ಹತ್ತಿರ ತರಬೇಕು. ಎಣ್ಣೆ ಬ್ರೇಕಿನಲ್ಲಿ ಎರಡೂ ಪಿಸ್ಟನ್ ಮುಂದೆ ಬರುತ್ತವೆ, ಸವೆತಕ್ಕೆ ತಕ್ಕಂತೆ ತಾವೇ ಹೊಂದಿಕೊಳ್ಳುತ್ತವೆ, ಎಣ್ಣೆಯ ದಾರಿಗೆ ದೂಳಿನ ಸೋಂಕಿಲ್ಲ. ಒಂದೇ ಬೆರಳಿನಲ್ಲಿ ಬ್ರೇಕ್ ಹಿಡಿಯಬಹುದಾದ್ದರಿಂದ ಉಳಿದ ಬೆರಳುಗಳು ಹ್ಯಾಂಡಲ್ ಬಿಡುವ ಪ್ರಮೇಯ ಬರುವುದಿಲ್ಲ.

ಕೊಳ್ಳುವ ಮುನ್ನ

ತೀರ್ಮಾನ ಆದಮೇಲೆ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ನಾಲ್ಕು ಸಂಗತಿ ನೋಡಿ. ಒಂದು, ಫೋರ್ಕಿನಲ್ಲೂ ಹಿಂಚಕ್ರದ ಬಳಿ ಫ್ರೇಮಿನಲ್ಲೂ ಕ್ಯಾಲಿಪರ್ ಕೂರಿಸುವ ಎರಡು ತೂತಿನ ಕಿವಿಗಳಿರಬೇಕು. ಬೋಲ್ಟು ನೇರವಾಗಿ ಕಿವಿಯೊಳಗೆ ಹೋಗುವ ಬಗೆಗೆ ಪೋಸ್ಟ್ ಮೌಂಟ್ ಎಂದು ಹೆಸರು, ಅದರ ತೂತುಗಳ ನಡುವಿನ ಅಂತರ 74 ಮಿ.ಮೀ.; ಪಕ್ಕದಿಂದ ಬೋಲ್ಟು ಹೋಗುವ ಹಳೆಯ ಐಎಸ್ ಬಗೆಯಲ್ಲಿ 51 ಮಿ.ಮೀ., ಅದಕ್ಕೆ ನಡುವೆ ಅಡಾಪ್ಟರ್ ಬೇಕು. ಕಿವಿಗಳೇ ಇಲ್ಲದ ಫ್ರೇಮಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಕಿವಿ ಅಂಟಿಸುವ ಯೋಚನೆ ಬೇಡ; ಆ ಕಾವಿಗೆ ಕೊಳವೆ ಬಲ ಕಳೆದುಕೊಂಡಿರುತ್ತದೆ, ಬ್ರೇಕಿನ ಎಳೆತಕ್ಕೆ ಎಂದಾದರೂ ಕಿತ್ತು ಬರುತ್ತದೆ. ಎರಡು, ಹಬ್ಬಿಗೆ ಡಿಸ್ಕ್ ಆರು ಬೋಲ್ಟಿನಲ್ಲಿ ಕೂರುತ್ತದೋ, ಹಬ್ಬಿನ ಹಲ್ಲುಗಳ ಮೇಲೆ ಒಂದೇ ಲಾಕ್‌ರಿಂಗಿನಲ್ಲಿ ಕೂರುವ ಸೆಂಟರ್‌ಲಾಕ್ ಬಗೆಯೋ ನೋಡಿ. ಮೂರು, ಡಿಸ್ಕಿನ ಅಗಲ: 160, 180, 203 ಮಿ.ಮೀ. ರೂಢಿಯಲ್ಲಿವೆ. ದೊಡ್ಡದು ಬಲವಾಗಿ ಹಿಡಿಯುತ್ತದೆ, ಬೇಗ ತಣಿಯುತ್ತದೆ. ಆದರೆ ಫೋರ್ಕ್ ತಯಾರಿಸಿದವರು ಹೇಳಿದ ಮಿತಿ ಮೀರಬಾರದು.

ನಾಲ್ಕನೆಯದು ಹೆಚ್ಚಿನವರು ಎಡವುವ ಜಾಗ. ಸಾಧಾರಣ ಬೆಲೆಯ ಎಷ್ಟೋ ಎಂಟಿಬಿಗಳಲ್ಲಿ ಬ್ರೇಕ್ ಲಿವರೂ ಗೇರ್ ಬದಲಿಸುವ ಶಿಫ್ಟರೂ ಒಂದೇ ತುಂಡಾಗಿ ಬರುತ್ತವೆ. ತಂತಿಯ ಬ್ರೇಕ್ ತೆಗೆದರೆ ಗೇರಿನ ಶಿಫ್ಟರೂ ಹೋಯಿತು. ಹೊಸ ಬ್ರೇಕಿನ ಜತೆಗೆ ಅಷ್ಟೇ ಗೇರಿನ ಬಿಡಿ ಶಿಫ್ಟರ್ ಜೋಡಿಯನ್ನೂ ತರಬೇಕು. ಇದನ್ನು ಮೊದಲೇ ಲೆಕ್ಕ ಹಾಕದೆ ಪೆಟ್ಟಿಗೆ ಬಿಚ್ಚಿದವರು ಅರ್ಧ ಕೆಲಸದಲ್ಲಿ ನಿಲ್ಲುತ್ತಾರೆ. ಯಾವ ಕೈಗೆ ಯಾವ ಚಕ್ರದ ಬ್ರೇಕ್ ಎಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ಮೋಟಾರ್‌ಬೈಕಿನ ಮುಂದಿನ ಬ್ರೇಕ್ ಬಲಗೈಗೆ ಇರುತ್ತದೆ. ಬೈಕ್ ಓಡಿಸಿದ ಕೈ ಗಾಬರಿಯಲ್ಲಿ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ಕಾರ್ಖಾನೆಯಲ್ಲೇ ಎಣ್ಣೆ ತುಂಬಿ ಬರುವ ಜೋಡಿಗಳಲ್ಲಿ, ಉದಾಹರಣೆಗೆ ಶಿಮಾನೊ ಎಂಟಿ200 ಅಥವಾ ಟೆಕ್ಟ್ರೊ ಎಂ275ರಂಥವುಗಳಲ್ಲಿ, ಹಿಂದಿನ ಬ್ರೇಕಿನ ಪೈಪು ಉದ್ದ, ಮುಂದಿನದು ಗಿಡ್ಡ. ನಿಮಗೆ ಬೇಕಾದ ಕೈಗೆ ಬೇಕಾದ ಉದ್ದ ಬರುವ ಜೋಡಿಯನ್ನೇ ಕೇಳಿ ತಂದರೆ ಪೈಪ್ ಕತ್ತರಿಸುವ, ಗಾಳಿ ತೆಗೆಯುವ ಗೋಜೇ ಮೊದಲ ದಿನ ಇರುವುದಿಲ್ಲ.

ಬಾಟಲಿಯ ವಿಚಾರ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಡಿ. ಸೈಕಲ್ ಬ್ರೇಕುಗಳಲ್ಲಿ ಎರಡು ಜಾತಿಯ ಎಣ್ಣೆ ಇದೆ. ಶಿಮಾನೊ, ಟೆಕ್ಟ್ರೊ, ಮಗುರಾ ಬ್ರೇಕುಗಳು ಮಿನರಲ್ ಆಯಿಲ್ ಕುಡಿಯುತ್ತವೆ. ಹೇಯ್ಸ್, ಹೋಪ್ ಹಾಗೂ ಸ್ರಾಮ್‌ನ ಅನೇಕ ಮಾದರಿಗಳಿಗೆ ಮೋಟಾರ್‌ಬೈಕಿನಲ್ಲಿರುವಂಥ ಡಾಟ್ ದ್ರವ ಬೇಕು. ಸ್ರಾಮ್‌ನಲ್ಲೇ ಡಿಬಿ8ನಂಥ ಕೆಲವು ಮಾದರಿಗಳು ಮಿನರಲ್ ಆಯಿಲ್‌ನವು, ಹಾಗಾಗಿ ಕಂಪನಿಯ ಹೆಸರೊಂದನ್ನೇ ನೆಚ್ಚಬೇಡಿ. ಲಿವರಿನ ಮೇಲೆಯೇ ಯಾವ ಎಣ್ಣೆ ಎಂದು ಕೆತ್ತಿರುತ್ತಾರೆ, ಅದನ್ನು ಓದಿ. ಒಂದು ಜಾತಿಯ ಎಣ್ಣೆಗೆ ಹೊಂದುವ ರಬ್ಬರ್ ಸೀಲು ಇನ್ನೊಂದರಲ್ಲಿ ಊದಿಕೊಳ್ಳುತ್ತದೆ ಇಲ್ಲವೇ ಮೆತ್ತಗಾಗುತ್ತದೆ. ಊದಿದ ಸೀಲು ಪಿಸ್ಟನ್ನನ್ನು ಹಿಂದೆ ಬರಲು ಬಿಡದೆ ಚಕ್ರವನ್ನು ಹಿಡಿದುಕೊಳ್ಳುತ್ತದೆ, ಮೆತ್ತಗಾದದ್ದು ಸೋರುತ್ತದೆ. ತಪ್ಪು ಎಣ್ಣೆ ಒಳಗೆ ಹೋದ ಬ್ರೇಕನ್ನು ತೊಳೆದು ಸರಿಮಾಡುವುದಕ್ಕಿಂತ ಬದಲಿಸುವುದೇ ಅಗ್ಗ.

ಇಲ್ಲಿ ಮೂರು ಆಕ್ಷೇಪ ಸಹಜವಾಗಿ ಬರುತ್ತವೆ. ಮೊದಲನೆಯದು, ಪಕ್ಕದ ಗ್ಯಾರೇಜಿನವರು ದಿನಕ್ಕೆ ಹತ್ತು ಬೈಕಿನ ಡಿಸ್ಕ್ ಬ್ರೇಕ್ ಮಾಡುತ್ತಾರೆ, ಅವರ ಡಾಟ್ 4 ಡಬ್ಬಿಯಿಂದ ನಾಲ್ಕು ಹನಿ ಹಾಕಿದರೆ ಏನಾಯಿತು? ಅವರ ಕೈಚಳಕ ಖಂಡಿತ ಬೇಕು. ಗಾಳಿ ತೆಗೆಯುವ ವಿದ್ಯೆ ಎರಡಕ್ಕೂ ಒಂದೇ. ಆದರೆ ಬಾಟಲಿ ನೀವೇ ಒಯ್ಯಿರಿ, ಮಿನರಲ್ ಆಯಿಲ್ ಎಂದು ಬಾಯಿಬಿಟ್ಟು ಹೇಳಿ, ಅವರ ಸಿರಿಂಜು, ಪೈಪು ಬೇಡವೆನ್ನಿ. ಎರಡನೆಯದು, ಜೆಸಿಬಿಗೆ ಹಾಕುವ ಹೈಡ್ರಾಲಿಕ್ ಆಯಿಲ್, ಹೊಲಿಗೆ ಮೆಷಿನ್ನಿನ ಎಣ್ಣೆ, ಬೇಬಿ ಆಯಿಲ್ ಇವೂ ಮಿನರಲ್ ಎಣ್ಣೆಗಳೇ ತಾನೆ? ಮೂಲ ಒಂದೇ ಇರಬಹುದು, ತೆಳುವು, ಮಂದ, ಬೆರೆಸಿದ ರಾಸಾಯನಿಕ ಬೇರೆ. ಕೂದಲೆಳೆಯಷ್ಟು ಸಣ್ಣ ರಂಧ್ರಗಳಲ್ಲಿ ಹರಿಯಬೇಕಾದ ಎಣ್ಣೆ ಮಂದವಾದರೆ ಲಿವರ್ ನಿಧಾನಕ್ಕೆ ಹಿಂದಿರುಗುತ್ತದೆ. ಒಂದು ಬ್ರೇಕಿನೊಳಗೆ ಹಿಡಿಯುವುದು ಕೆಲವೇ ಚಮಚ ಎಣ್ಣೆ. ಅದರಲ್ಲಿ ಉಳಿತಾಯ ಹುಡುಕುವುದು ಮೊಸರಿಗೆ ಹೆಪ್ಪು ಉಳಿಸಿದಂತೆ. ಮೂರನೆಯದು, ಡಾಟ್ ಬಗೆಯಲ್ಲೇ 5 ಎಂಬ ಅಂಕಿ ಕಂಡು 5.1ರ ತಮ್ಮನೆಂದು ತಿಳಿಯುವುದು. ಡಾಟ್ 3, 4, 5.1 ಒಂದೇ ಕುಲ. ಹೊಸದಾಗಿ ಕನಿಷ್ಠ 205, 230, 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯಬೇಕು, ತೇವ ಹೀರಿದ ಮೇಲೆ ಆ ಮಟ್ಟ 140, 155, 180ಕ್ಕೆ ಇಳಿಯುತ್ತದೆ. ಡಾಟ್ 5 ಸಿಲಿಕೋನ್ ಮೂಲದ ಬೇರೆಯದೇ ವಸ್ತು, ಅದು ಸೈಕಲ್ಲಿಗೆ ಬೇಡ.

ಜೋಡಿಸುವ ಕ್ರಮ

ಕೆಲಸಕ್ಕೆ ಕೂರುವ ಜಾಗ ಗಾಳಿಗೆ ತೆರೆದಿರಬಾರದು. ದಿಬ್ಬದ ಹುಡಿ ಹಾರುವ ಮಧ್ಯಾಹ್ನ ಬಿಟ್ಟು ಮುಂಜಾನೆ ಕೂರುವುದು ಒಳ್ಳೆಯದು. ನೆಲಕ್ಕೆ ಒದ್ದೆ ಬಟ್ಟೆ ಆಡಿಸಿ, ಹಳೆ ಪತ್ರಿಕೆ ಹಾಸಿ. ಡಿಸ್ಕನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಬೆರಳಿನ ಜಿಡ್ಡು ತಾಗಿದರೂ ಅದು ಪ್ಯಾಡಿಗೆ ಸೇರುತ್ತದೆ. ಅದರ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ. ಆರು ಬೋಲ್ಟುಗಳನ್ನು ನಕ್ಷತ್ರ ತಲೆಯ ಟಿ25 ಕೀಲಿಯಿಂದ, ಒಂದಕ್ಕೊಂದು ಎದುರಿನದನ್ನು ಹಿಡಿಯುತ್ತ, ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿ. ಒಂದೇ ಪಕ್ಕದಿಂದ ಬಿಗಿಸಿಕೊಂಡು ಹೋದರೆ ಡಿಸ್ಕ್ ಸೊಟ್ಟ ಕೂರುತ್ತದೆ. ಸೆಂಟರ್‌ಲಾಕ್ ರಿಂಗಿಗೆ 40 ನ್ಯೂಟನ್ ಮೀಟರ್ ಬೇಕು. ಲಿವರನ್ನು ಹ್ಯಾಂಡಲ್ಲಿಗೆ ಸಡಿಲವಾಗಿ ಕೂರಿಸಿ, ಪೈಪನ್ನು ಫ್ರೇಮಿನ ಗುಂಟ ಒಯ್ದು, ಹ್ಯಾಂಡಲ್ಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಎಲ್ಲೂ ಎಳೆಯಬಾರದು, ಚಕ್ರಕ್ಕೆ ತಾಗಬಾರದು, ಬಳೆಯ ಹಾಗೆ ದೊಡ್ಡ ಸುತ್ತೂ ಹಾಕಬಾರದು. ಪೈಪ್ ಉದ್ದವಾದರೆ ಮಾತ್ರ ಲಿವರಿನ ಕಡೆಯಿಂದ ಕತ್ತರಿಸಬೇಕು. ಹರಿತವಾದ ಕಟ್ಟರಿನಲ್ಲಿ ನೆಟ್ಟಗೆ ಒಂದೇ ಏಟಿಗೆ ಕತ್ತರಿಸಿ, ಕೊಳವೆಯೊಳಗೆ ಹೊಸ ಹಿತ್ತಾಳೆಯ ಟೊಳ್ಳು ಮೊಳೆ ಹೊಡೆದು, ಮೇಲೆ ಹೊಸ ಆಲಿವ್ ಉಂಗುರ ಹಾಕಿ ನಟ್ ಬಿಗಿಸಬೇಕು. ಒಮ್ಮೆ ನಜ್ಜಾಗಿ ಕೂತ ಉಂಗುರವನ್ನು ಎರಡನೆಯ ಸಲ ಬಳಸಿದರೆ ಸೋರುವುದು ಖಚಿತ.

ಬಿಗಿಯ ಅಳತೆಯ ಬಗ್ಗೆ ಎರಡು ಮಾತು. ಕ್ಯಾಲಿಪರಿನ ಎರಡು ಬೋಲ್ಟುಗಳಿಗೆ ಸಾಮಾನ್ಯವಾಗಿ 6ರಿಂದ 8 ನ್ಯೂಟನ್ ಮೀಟರ್ ಬಿಗಿ ಹೇಳುತ್ತಾರೆ. ಟಾರ್ಕ್ ವ್ರೆಂಚ್ ಇಲ್ಲದ ಮನೆಯಲ್ಲಿ ಇದು ಬರೀ ಅಂಕಿ ಎನಿಸಬಹುದು, ಆದರೆ ಹಾಗೇನಿಲ್ಲ. 15 ಸೆಂ.ಮೀ. ಉದ್ದದ ಅಲೆನ್ ಕೀಯ ತುದಿಯನ್ನು ನಾಲ್ಕು ಕಿಲೋ ಭಾರದಷ್ಟು ಎಳೆದರೆ 6 ನ್ಯೂಟನ್ ಮೀಟರ್ ಆಗುತ್ತದೆ, ಐದು ಕಿಲೋ ಎಳೆದರೆ ಏಳಕ್ಕೆ ಸ್ವಲ್ಪ ಮೇಲೆ. ಹಳೆ ಪೇಪರ್ ತೂಗುವವರ ಕೈಯಲ್ಲಿರುವಂಥ ತೂಗುಕೊಕ್ಕೆಯನ್ನು ಕೀಯ ತುದಿಗೆ ಸಿಕ್ಕಿಸಿ ನೇರ ಕೋನದಲ್ಲಿ ಎಳೆದು ನೋಡಿದರೆ ಕೈಗೆ ಆ ಬಿಗಿಯ ಅಂದಾಜು ಬಂದುಬಿಡುತ್ತದೆ. ಹೆಚ್ಚು ಬಿಗಿಯಾದಷ್ಟೂ ಭದ್ರ ಎಂಬುದು ಲಾರಿಯ ಚಕ್ರಕ್ಕೆ ಹೊಂದೀತು. ಅಲ್ಯೂಮಿನಿಯಂ ಕಿವಿಯೊಳಗಿನ ಮರೆ ಒಮ್ಮೆ ಹರಿದರೆ ಫೋರ್ಕನ್ನೇ ಬದಲಿಸಬೇಕು.

ಗಾಳಿ ತೆಗೆಯುವ ಕ್ರಮ

ಪೈಪ್ ಕತ್ತರಿಸಿದಾಗ, ಲಿವರ್ ಮೆತ್ತಗಾದಾಗ, ಎಣ್ಣೆ ಕಪ್ಪಾದಾಗ ಈ ಕೆಲಸ ಬೇಕು. ಸುಮ್ಮನೆ ತಿಂಗಳಿಗೊಮ್ಮೆ ಬೇಡ. ಶಿಮಾನೊ ಮಾದರಿಯ ಬ್ರೇಕಿನ ಕ್ರಮ ಹೀಗಿದೆ. ಚಕ್ರ ತೆಗೆದು ದೂರ ಇಡಿ. ಪ್ಯಾಡುಗಳನ್ನು ಬಿಚ್ಚಿ ಕಾಗದದಲ್ಲಿ ಸುತ್ತಿ ಬೇರೆ ಕೋಣೆಯಲ್ಲೇ ಇಡಿ. ಒಂದು ಹನಿ ಎಣ್ಣೆ ಕುಡಿದ ಪ್ಯಾಡ್ ಮತ್ತೆ ಸರಿಯಾಗಿ ಹಿಡಿಯುವುದಿಲ್ಲ. ಪಿಸ್ಟನ್‌ಗಳ ಸುತ್ತ ಕೂತ ದೂಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದ ಮೇಲೆಯೇ ಅವನ್ನು ಚಪ್ಪಟೆ ಪ್ಲಾಸ್ಟಿಕ್ ತುಂಡಿನಿಂದ ಒಳಕ್ಕೆ ಒತ್ತಿ. ಒರೆಸದೆ ಒತ್ತಿದರೆ ಬೆಣಚಿನ ಕಣ ಸೀಲಿನೊಳಗೆ ಹೋಗಿ ಗೀರುತ್ತದೆ. ಕೆಜಿಎಫ್‌ನಲ್ಲಿ ಈ ಒಂದು ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆ. ಪ್ಯಾಡಿನ ಜಾಗದಲ್ಲಿ ಬ್ರೇಕಿನೊಂದಿಗೆ ಬರುವ ಪ್ಲಾಸ್ಟಿಕ್ ಬ್ಲಾಕ್ ಕೂರಿಸಿ, ಅದು ಪಿಸ್ಟನ್ ಹೊರಬರದಂತೆ ತಡೆಯುತ್ತದೆ. ಲಿವರ್ ನೆಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಹ್ಯಾಂಡಲ್ಲಿನಲ್ಲಿ ತಿರುಗಿಸಿ, ಅದರ ಮೇಲಿನ ಪುಟ್ಟ ತಿರುಪನ್ನು 2.5 ಮಿ.ಮೀ. ಅಲೆನ್ ಕೀಯಿಂದ ತೆಗೆದು, ಅದರ ಓ-ರಿಂಗ್ ಕಳೆಯದಂತೆ ಬಟ್ಟಲಲ್ಲಿಟ್ಟು, ಆ ತೂತಿಗೆ ಕೊಪ್ಪರಿಗೆಯಂಥ ಫನೆಲ್ ತಿರುಪಿ.

ಗಾಳಿ ಹಗುರ, ಮೇಲಕ್ಕೇ ಏರುತ್ತದೆ. ಆದ್ದರಿಂದ ಎಣ್ಣೆಯನ್ನು ಕೆಳಗಿನಿಂದ ತಳ್ಳಿ ಗಾಳಿಗೆ ಮೇಲಿನ ಬಾಗಿಲು ತೋರಿಸುವುದೇ ಇಡೀ ವಿದ್ಯೆ. ಸಿರಿಂಜಿನಲ್ಲಿ ಮಿನರಲ್ ಆಯಿಲ್ ತುಂಬಿ, ಮೂತಿ ಮೇಲೆ ಮಾಡಿ ಅದರೊಳಗಿನ ಗುಳ್ಳೆಗಳನ್ನು ಮೊದಲು ಹೊರಹಾಕಿ. ಅದರ ಪೈಪನ್ನು ಕ್ಯಾಲಿಪರಿನ ನಿಪ್ಪಲಿಗೆ ಭದ್ರವಾಗಿ ಸಿಕ್ಕಿಸಿ. ನಿಪ್ಪಲನ್ನು ಕಾಲು ಸುತ್ತಿಗಿಂತಲೂ ಕಡಿಮೆ ಸಡಿಲಿಸಿ, ಆತುರವಿಲ್ಲದೆ ಎಣ್ಣೆ ತಳ್ಳಿ. ಮೇಲಿನ ಫನೆಲ್ಲಿನಲ್ಲಿ ಮೊದಲು ಮಾಸಲು ಎಣ್ಣೆ, ಆಮೇಲೆ ಗುಳ್ಳೆಗಳು, ಕೊನೆಗೆ ತಿಳಿಯಾದ ಎಣ್ಣೆ ಬರುತ್ತದೆ. ಗುಳ್ಳೆ ನಿಂತೊಡನೆ ನಿಪ್ಪಲ್ ಮುಚ್ಚಿ. ಈಗ ಸಿರಿಂಜು ತೆಗೆದು ಅದೇ ಜಾಗಕ್ಕೆ ಪೈಪಿನ ತುದಿಗೆ ಚೀಲ ಕಟ್ಟಿ ಸಿಕ್ಕಿಸಿ, ನಿಪ್ಪಲ್ ತೆರೆಯಿರಿ; ಫನೆಲ್ಲಿನ ಎಣ್ಣೆ ತನ್ನ ಭಾರಕ್ಕೆ ಕೆಳಗಿಳಿಯಲಿ. ಸ್ಕ್ರೂಡ್ರೈವರಿನ ಹಿಡಿಯಿಂದ ಕ್ಯಾಲಿಪರನ್ನೂ ಪೈಪನ್ನೂ ಮೆಲ್ಲಗೆ ತಟ್ಟಿ, ಗೋಡೆಗೆ ಅಂಟಿದ ಗುಳ್ಳೆಗಳು ಬಿಡುತ್ತವೆ. ಫನೆಲ್ ಬರಿದಾಗಲು ಬಿಟ್ಟರೆ ಮೇಲಿನಿಂದ ಹೊಸ ಗಾಳಿ ನುಗ್ಗಿ ಅಷ್ಟೂ ಶ್ರಮ ನೀರಿನಲ್ಲಿ ಹೋಮ. ನಿಪ್ಪಲ್ ಮುಚ್ಚಿ, ಲಿವರ್ ಒತ್ತಿ ಹಿಡಿದು, ನಿಪ್ಪಲನ್ನು ಅರೆ ಸೆಕೆಂಡು ತೆರೆದು ಮುಚ್ಚಿ. ಹೀಗೆ ಎರಡು ಮೂರು ಸಲ. ಒತ್ತಡದ ರಭಸಕ್ಕೆ ಕ್ಯಾಲಿಪರಿನ ಮೂಲೆಯಲ್ಲಿ ಅವಿತ ಗುಳ್ಳೆ ಹೊರಬರುತ್ತದೆ.

ಕೊನೆಯ ಗುಳ್ಳೆಗಳು ಸಾಮಾನ್ಯವಾಗಿ ಲಿವರಿನೊಳಗೇ ಕೂತಿರುತ್ತವೆ. ಲಿವರನ್ನು ಮೆಲ್ಲಗೆ ಒತ್ತಿ ಬಿಡುತ್ತ, ಹ್ಯಾಂಡಲ್ಲಿನಲ್ಲಿ ಅದನ್ನು ಮೂವತ್ತು ಡಿಗ್ರಿಯಷ್ಟು ಮುಂದಕ್ಕೂ ಹಿಂದಕ್ಕೂ ವಾಲಿಸಿ. ಪ್ರತಿ ವಾಲಿಗೂ ಸಾಸಿವೆ ಕಾಳಿನಂಥ ಒಂದೆರಡು ಗುಳ್ಳೆ ಮೇಲೆ ಬರುತ್ತವೆ. ಬರುವುದು ನಿಂತು, ಲಿವರ್ ಅರ್ಧದಲ್ಲೇ ಕಲ್ಲಿನಂತೆ ಗಟ್ಟಿ ನಿಂತರೆ ಕೆಲಸ ಮುಗಿದಂತೆ. ಫನೆಲ್ಲಿಗೆ ಬಿರಡೆ ಹಾಕಿ, ಕೆಳಗೆ ಬಟ್ಟೆ ಹಿಡಿದು ಬಿಚ್ಚಿ. ತೂತಿನ ಬಾಯಿಗೆ ಎಣ್ಣೆ ತುಂಬಿ ತುಳುಕುತ್ತಿರುವಾಗಲೇ ಓ-ರಿಂಗ್ ಸಮೇತ ತಿರುಪನ್ನು ಹಾಕಿ; ಎಣ್ಣೆ ಚೂರು ಚೆಲ್ಲುವುದು ಗಾಳಿ ಒಳಗಿಲ್ಲ ಎಂಬುದಕ್ಕೆ ಸಾಕ್ಷಿ. ಆ ತಿರುಪಿಗೆ ಎರಡು ಬೆರಳಿನ ಬಿಗಿ ಸಾಕು. ಡಾಟ್ ದ್ರವದ ಬ್ರೇಕುಗಳಲ್ಲಿ ಮೇಲೊಂದು ಕೆಳಗೊಂದು ಎರಡು ಸಿರಿಂಜು ಬಳಸುವುದು ರೂಢಿ, ತತ್ತ್ವ ಇದೇ. ಆ ದ್ರವ ಬಣ್ಣವನ್ನೂ ಚರ್ಮವನ್ನೂ ತಿನ್ನುವುದರಿಂದ ಕೈಗವಸು, ಕನ್ನಡಕ ಬೇಕೇ ಬೇಕು. ಬಿದ್ದಲ್ಲೆಲ್ಲ ಕೂಡಲೇ ನೀರಿನಲ್ಲಿ ತೊಳೆಯಬೇಕು.

ಪರೀಕ್ಷೆ ಮತ್ತು ಪಾಲನೆ

ಎಲ್ಲವನ್ನೂ ಆಲ್ಕೊಹಾಲಿನಿಂದ ಒರೆಸಿ, ಪ್ಯಾಡ್, ಚಕ್ರ ಕೂರಿಸಿ, ಲಿವರನ್ನು ಹತ್ತಾರು ಸಲ ಒತ್ತಿ. ಕ್ಯಾಲಿಪರಿನ ಬೋಲ್ಟುಗಳನ್ನು ಸಡಿಲಿಸಿ, ಲಿವರ್ ಒತ್ತಿ ಹಿಡಿದಿರುವಂತೆಯೇ ಒಂದಾದ ಮೇಲೊಂದರಂತೆ ಬಿಗಿಸಿದರೆ ಕ್ಯಾಲಿಪರ್ ತಾನೇ ನಡುವೆ ಕೂರುತ್ತದೆ. ತಿರುಗುವ ಡಿಸ್ಕಿನ ಬಳಿ ಬೆರಳು ಒಯ್ಯಬೇಡಿ, ಅದು ಬ್ಲೇಡಿಗೆ ಸಮ. ಈಗ ಲಿವರನ್ನು ಒಂದು ನಿಮಿಷ ಬಲವಾಗಿ ಹಿಡಿದು, ಪ್ರತಿ ಜೋಡಣೆಗೂ ಒಂದು ಚೂರು ಟಿಶ್ಯೂ ಕಾಗದ ಒತ್ತಿ ನೋಡಿ. ಕಾಗದಕ್ಕೆ ಕಲೆ ಬಂದರೆ ರಸ್ತೆಗೆ ಇಳಿಯಬಾರದು. ಹೊಸ ಪ್ಯಾಡು ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ವಾಹನವಿಲ್ಲದ ಸಮತಟ್ಟಾದ ಜಾಗದಲ್ಲಿ ಸಾಧಾರಣ ವೇಗಕ್ಕೆ ಬಂದು, ನಡಿಗೆಯ ವೇಗಕ್ಕೆ ಇಳಿಯುವಷ್ಟು ಬ್ರೇಕ್ ಹಾಕಿ. ಪೂರ್ತಿ ನಿಲ್ಲಿಸದೆ ಇಪ್ಪತ್ತು ಸಲ ಹೀಗೆ ಮಾಡಿದರೆ ಪ್ಯಾಡಿನ ತೆಳು ಪದರ ಡಿಸ್ಕಿಗೆ ಹತ್ತಿ ಹಿಡಿತ ಬರುತ್ತದೆ. ಇದನ್ನು ಬಿಟ್ಟು ನೇರ ಇಳಿಜಾರಿಗೆ ಹೋದವರೇ ಎಣ್ಣೆ ಬ್ರೇಕ್ ಕೀಚಲು ಸದ್ದು ಮಾಡುತ್ತದೆ ಎಂದು ದೂರುವವರು.

ಆಮೇಲಿನ ಪಾಲನೆ ತಂತಿಯ ಬ್ರೇಕಿನದಕ್ಕಿಂತ ಕಡಿಮೆಯೇ. ಪ್ಯಾಡಿನ ಉಜ್ಜುವ ಪದರ ಅರ್ಧ ಮಿಲಿಮೀಟರಿಗೆ ಬಂದಾಗ ಬದಲಿಸಿ. ಶಿಮಾನೊ ಡಿಸ್ಕಾದರೆ 1.5 ಮಿ.ಮೀ.ಗೆ ಸವೆದಾಗ ತೆಗೆದುಬಿಡಿ. ಕೆಲವು ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿರುತ್ತದೆ, ಅದಕ್ಕೆ ಲೋಹದ ಪ್ಯಾಡ್ ಹಾಕಿದರೆ ಡಿಸ್ಕೇ ಸವೆಯುತ್ತದೆ. ಚೈನಿಗೆ ಎಣ್ಣೆ ಬಿಡುವಾಗ ಸ್ಪ್ರೇ ಬೇಡ, ಹನಿ ಹನಿಯಾಗಿ ಬಿಡಿ. ಸೈಕಲ್ಲನ್ನು ರೈಲಿನಲ್ಲೋ ಕಾರಿನಲ್ಲೋ ಒಯ್ಯಲು ಚಕ್ರ ಬಿಚ್ಚಿದರೆ ಪ್ಯಾಡುಗಳ ನಡುವೆ ರಟ್ಟಿನ ಮಡಿಕೆಯನ್ನಾದರೂ ತುರುಕಿ. ಡಿಸ್ಕ್ ಇಲ್ಲದಿರುವಾಗ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್‌ಗಳು ಮುಂದೆ ಬಂದು ಚಕ್ರ ಒಳಗೇ ಹೋಗುವುದಿಲ್ಲ. ಮಿನರಲ್ ಆಯಿಲ್ ಗಾಳಿಯ ತೇವ ಹೀರುವುದಿಲ್ಲ ನಿಜ, ಆದರೆ ಹೇಗೋ ನುಗ್ಗಿದ ನೀರು ಅದರಲ್ಲಿ ಬೆರೆಯದೆ ತಳಕ್ಕಿಳಿದು, ಬಿಸಿ ಹೆಚ್ಚಿರುವ ಕ್ಯಾಲಿಪರಿನಲ್ಲೇ ಕೂರುತ್ತದೆ, ನೂರು ಡಿಗ್ರಿಗೆ ಕುದಿಯುತ್ತದೆ. ಆದ್ದರಿಂದ ಒಂದೆರಡು ವರ್ಷಕ್ಕೊಮ್ಮೆ ಅದನ್ನೂ ಬದಲಿಸುವುದು ಲೇಸು. ಡಾಟ್ ದ್ರವವನ್ನು ವರ್ಷಕ್ಕೊಮ್ಮೆ.

ಹಳ್ಳಿಯ ಹಾದಿಯಲ್ಲಿ ಕೆಟ್ಟರೆ ಏನು ಗತಿ ಎಂಬ ಕೊನೆಯ ಪ್ರಶ್ನೆ ಉಳಿಯುತ್ತದೆ. ಪೈಪೇ ಹರಿದರೆ ದಾರಿಯಲ್ಲಿ ದುರಸ್ತಿಯಿಲ್ಲ, ಅದು ಈ ಬ್ರೇಕಿನ ನಿಜವಾದ ಮಿತಿ. ತಂತಿ ತುಂಡಾದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಹೊಸದು ಸಿಕ್ಕೀತು. ಆದರೆ ಮುಂದಿನ ಬ್ರೇಕೂ ಹಿಂದಿನ ಬ್ರೇಕೂ ಬೇರೆ ಬೇರೆ ವ್ಯವಸ್ಥೆಗಳು, ಎರಡೂ ಒಟ್ಟಿಗೆ ಕೈಕೊಡುವುದು ಅಪರೂಪ. ಉಳಿದ ಒಂದನ್ನು ನೆಚ್ಚಿ, ಇಳಿಜಾರಿನಲ್ಲಿ ತಳ್ಳಿಕೊಂಡು, ನಿಧಾನಕ್ಕೆ ಊರು ಸೇರಬಹುದು. ಕೆಲಸ ಮುಗಿದ ಮೇಲೆ ಉಳಿದ ಹಳೆ ಎಣ್ಣೆಯನ್ನು ಮಾತ್ರ ಚರಂಡಿಗೆ ಸುರಿಯಬೇಡಿ. ಬಾಟಲಿಗೆ ತುಂಬಿ ಗ್ಯಾರೇಜಿನ ಹಳೆ ಆಯಿಲ್ ಡ್ರಮ್ಮಿಗೆ ಹಾಕಿ ಬನ್ನಿ. ಕಸವನ್ನು ಊರ ಪಕ್ಕದಲ್ಲೇ ಬಿಟ್ಟರೆ ಏನಾಗುತ್ತದೆಂದು ತಿಳಿಯಲು ಕೆಜಿಎಫ್‌ನವರು ಕಿಟಕಿ ತೆರೆದರೆ ಸಾಕು.